ಜಡೇದುರ್ಗವೂ ಅಟ್ಟದ ಕಿಂಡಿಯೂ

ಹೊಂಗೇಕಟ್ಟೆಯ ರೇಣುಕಪ್ರಸಾದನ ಕಿವಿ ಸುತ್ತ ಹತ್ತೂರಿಗೆ ಹೆಸರಾದದ್ದು. ತೆಂಗಿನಕಾಯಿಯೊಂದನ್ನು ಕಿವಿಯ ಬಳಿ ಹಿಡಿದು ಒಮ್ಮೆ ಕುಲುಕಿದನೆಂದರೆ ಒಳಗಿನ ನೀರು ಎಷ್ಟು ಇಂಗಿದೆ, ತಿರುಳು ಚಿಪ್ಪನ್ನು ಬಿಟ್ಟಿದೆಯೋ ಇಲ್ಲವೋ, ಉಂಡೆ ಕೊಬ್ಬರಿಯಾಗಲು ಇನ್ನೆಷ್ಟು ಕಾಲ ಅಟ್ಟದ ಮೇಲಿರಬೇಕು ಎಂಬುದನ್ನೆಲ್ಲ ಜಾತಕ ಓದಿದಂತೆ ಹೇಳಿಬಿಡುತ್ತಿದ್ದ. ಮನೆಮನೆಗೆ ಹೋಗಿ ಕೊಬ್ಬರಿ ಕೊಳ್ಳುವ ವ್ಯಾಪಾರದಲ್ಲಿ ಈ ಕಿವಿಯೇ ಅವನ ಬಂಡವಾಳ. ಚಿಪ್ಪಿನೊಳಗಿನ ಸದ್ದು ಕೇಳಿಸಿಕೊಳ್ಳುವ ಈ ಮಹಾರಾಯನಿಗೆ ಪಕ್ಕದಲ್ಲೇ ನಿಂತ ಹೆಂಡತಿಯ ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ "ಹ್ಞೂ ಕಣೇ" ಎನ್ನುವಷ್ಟರಲ್ಲಿ ಅವನ ಕಾಲು ಇನ್ಯಾರದೋ ಅಟ್ಟದ ಏಣಿಯ ಮೇಲಿರುತ್ತಿತ್ತು. ಇಲ್ಲಿ ಹೇಳಬೇಕಾದದ್ದು ಅವನ ಕತೆಯಲ್ಲ, ಆ ಹೆಂಡತಿ ಸರ್ವಮಂಗಳಳದು.

ಸರ್ವಮಂಗಳ ಶೆಟ್ಟಿಕೆರೆಯ ಹೆಣ್ಣು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಗುರವಾಗಿದ್ದಾಳೆ, ಅಟ್ಟಕ್ಕೆ ಸರಿಹೋಗುತ್ತಾಳೆ ಎಂದರಂತೆ. ಆ ಮಾತೇ ಅವಳ ಹಣೆಬರಹವಾಯಿತು. ಈ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆಸಮೇತ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿ, ಕೆಳಗಿನ ಒಲೆಯ ಬಿಸಿಯಲ್ಲಿ ಹೆಚ್ಚೂಕಡಿಮೆ ಒಂದು ವರ್ಷ ಇಟ್ಟು ಕೊಬ್ಬರಿ ಮಾಡುತ್ತಾರೆ. ಏರಿಸಿ ಮರೆತುಬಿಟ್ಟರೆ ಆಗುವುದಿಲ್ಲ. ಇಲಿ ಕೊರೆದದ್ದನ್ನು ಆರಿಸಬೇಕು, ಕೊಳೆತದ್ದನ್ನು ಮೂಗಿನಿಂದಲೇ ಹುಡುಕಿ ತೆಗೆಯಬೇಕು, ಅಡಿಯದನ್ನು ಮೇಲಕ್ಕೆ ತಿರುವಿ ಹಾಕಬೇಕು. ಒಲೆ ಹೊತ್ತಿಸಿ ಹೊಗೆ ಏಳುವ ಮುಂಚೆ ಇದೆಲ್ಲ ಮುಗಿಯಬೇಕು. ಅಟ್ಟದಲ್ಲಿ ನೆಟ್ಟಗೆ ನಿಲ್ಲುವಂತೆಯೂ ಇರಲಿಲ್ಲ, ಎಲ್ಲವೂ ಸೊಂಟ ಬಗ್ಗಿಸಿಯೇ ಆಗಬೇಕು. ಹೀಗೆ ಮೂವತ್ತು ವರ್ಷಕ್ಕೆ ಹತ್ತಿರವಾಗಿತ್ತು. ತಿಪಟೂರಿನ ಮಂಡಿಯವರು ರೇಣುಕಪ್ರಸಾದನ ಮನೆಯ ಕೊಬ್ಬರಿ ಎಂದರೆ ಬೆಣ್ಣೆ ಎಂದು ಹೊಗಳಿದರೆ ಅವನು ಮೀಸೆ ತಿರುವಿಕೊಂಡು ಬರುತ್ತಿದ್ದ. ಇವಳ ಪಾಲಿಗೆ ಬಂದದ್ದು ಕೆಮ್ಮು.

ಆ ಅಟ್ಟಕ್ಕೆ ಮೂಡಲ ದಿಕ್ಕಿಗೆ ಮೊರದಷ್ಟಗಲದ ಒಂದು ಕಿಂಡಿಯಿತ್ತು. ಮೊದಲೆಲ್ಲ ಅದರಿಂದ ಕಾಣುತ್ತಿದ್ದದ್ದು ಎದುರು ಮರದ ಗರಿ, ಅದರ ಹಿಂದೆ ಇನ್ನೊಂದು ಮರದ ಗರಿ. ಮಗಳು ವರ್ಷಿಣಿ ಹುಟ್ಟಿದ ವರ್ಷ ಎದುರಿನ ಮರಕ್ಕೆ ಸಿಡಿಲು ಬಡಿಯಿತು. ಸುಟ್ಟ ಮರವನ್ನು ಕಡಿಸಿದ ಮಾರನೆಯ ಬೆಳಗ್ಗೆ ಅಟ್ಟ ಹತ್ತಿ ನೋಡಿದರೆ ಕಿಂಡಿಯ ತುಂಬ ಜಡೇದುರ್ಗ. ಯಾವ ಕಾಲದ ಪಾಳೇಗಾರ ಕಟ್ಟಿಸಿದ್ದೋ, ಕೋಟೆಯ ಗೋಡೆ ಕುಸಿದು, ಕಣಜ ಬಾಯಿಬಿಟ್ಟು, ಬೆಟ್ಟದ ನೆತ್ತಿಯ ಮೇಲೆ ಚಾವಣಿಯಿಲ್ಲದ ಮಂಟಪದ ಎರಡು ಕಂಬ ಮಾತ್ರ ಉಳಿದಿದ್ದವು. ಶಿವರಾತ್ರಿಯ ಆಸುಪಾಸಿನಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಆ ಎರಡು ಕಂಬಗಳ ನಡುವೆ ಮೇಲೇರುತ್ತಿದ್ದ. ಬೆಳಕು ನೇರವಾಗಿ ಕಿಂಡಿಯೊಳಗೆ ನುಗ್ಗಿ ಮಸಿ ಹಿಡಿದ ತೊಲೆಗಳೂ ಬೆಳಗುತ್ತಿದ್ದವು. ಆ ಹೊತ್ತಿಗೆ ಸರ್ವಮಂಗಳ ಕೆಲಸ ಬಿಟ್ಟು ಕಾಯಿರಾಶಿಯ ಮೇಲೆ ಕೂತುಬಿಡುತ್ತಿದ್ದಳು. ಆ ಮನೆಯಲ್ಲಿ ಯಾರೂ ಕರೆಯದ, ಯಾರೂ ಕೇಳದ ಸ್ವಲ್ಪ ಹೊತ್ತು ಅದೊಂದೇ. ಕೂತಾಗಲೆಲ್ಲ ಒಂದೇ ಯೋಚನೆ ಬರುತ್ತಿತ್ತು. ನಾನೇನೋ ದಿನಾ ಅದನ್ನು ನೋಡುತ್ತೇನೆ, ಅಲ್ಲಿ ಹೋಗಿ ನಿಂತರೆ ನಾನಿರುವ ಈ ಜಾಗ ಕಾಣುತ್ತದೆಯೇ ಎಂದು.

ಹೋಗಿ ನೋಡಿ ಬರುವುದಕ್ಕೆ ಜಡೇದುರ್ಗವೇನು ಕಾಶಿಯಲ್ಲ. ತೋಟಗಳ ನಡುವೆ ನಡೆದರೆ ಬುಡ ಸಿಗುತ್ತದೆ. ಆದರೆ ರೇಣುಕಪ್ರಸಾದನ ಜೊತೆ ಹೊರಟವರು ಹೋಗಬೇಕಾದ ಜಾಗಕ್ಕೆ ಹೋಗಬೇಕಾದ ಹೊತ್ತಿಗೆ ತಲುಪಿದ್ದುಂಟೇ? ಮದುವೆಯ ಹೊಸದರಲ್ಲಿ ಸಂಪಿಗೆಯ ಶ್ರೀನಿವಾಸನ ದರ್ಶನಕ್ಕೆಂದು ಕರೆದುಕೊಂಡು ಹೋದ. ಗುಡಿಯ ಹತ್ತಿರ ಯಾರದೋ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸುವುದು ಕಂಡು, ಈಗ ಬಂದೆ ಎಂದು ಹೋದವನು ಮಂಗಳಾರತಿಯಾಗಿ, ತೀರ್ಥ ಕೊಟ್ಟು, ಬಾಗಿಲು ಹಾಕಿದರೂ ಬರಲಿಲ್ಲ. ಹೊಸ ಸೀರೆಯುಟ್ಟು ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದವಳನ್ನು ಕಂಡು ಯಾವುದೋ ಅಜ್ಜಿ, ಯಾರನ್ನ ಕಳಕೊಂಡೆ ಮಗಾ ಎಂದು ಕೇಳಿದಳು. ಅಮ್ಮಸಂದ್ರದಲ್ಲಿ ತಂಗಿಯ ಮಗಳ ಮದುವೆಗೆ ಇವರು ತಲುಪಿದಾಗ ಉಂಡ ಎಲೆ ಎತ್ತುತ್ತಿದ್ದರು. ದಾರಿಯಲ್ಲಿ ತೋಟ ಕಂಡರೆ ಸಾಕು, ಅವನ ಕಾಲಿಗೆ ಸರಪಳಿ ಬೀಳುತ್ತಿತ್ತು. ಈ ಸೀಮೆಯಲ್ಲಿ ತೋಟವಿಲ್ಲದ ದಾರಿಯನ್ನು ಎಲ್ಲಿಂದ ತರುವುದು? ಜಗಳವಾಡಿ ನೋಡಿದಳು, ಮಾತು ಬಿಟ್ಟು ನೋಡಿದಳು. ಮಾತು ಬಿಟ್ಟದ್ದು ಅವನಿಗೆ ಗೊತ್ತಾದದ್ದೇ ಮೂರನೆಯ ದಿನಕ್ಕೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಕೈಬಿಟ್ಟಳು, ಆದರೆ ಹೊಟ್ಟೆಯೊಳಗಿನ ಉರಿ ಆರಲಿಲ್ಲ.

ಈ ವರ್ಷ ಮನೆ ಕೆಡವುವ ಕಾಲ ಬಂತು. ಗೋಡೆ ಹೊಟ್ಟೆ ಬಿಟ್ಟಿತ್ತು, ಅಟ್ಟದ ತೊಲೆಗೆ ಗೆದ್ದಲು ಹತ್ತಿತ್ತು. ಹೊಸ ಮನೆ ಬೇಕೆಂದು ಹಟ ಹಿಡಿದವಳೂ ಸರ್ವಮಂಗಳಳೇ. ನಿಂತು ಮಾಡುವ ಅಡುಗೆಕಟ್ಟೆ ಬೇಕು, ಕಾಯಿಗೆ ಹಿತ್ತಲಲ್ಲಿ ಬೇರೆ ಶೆಡ್ಡು ಬೇಕು, ಇನ್ನು ಏಣಿ ಹತ್ತಲಾರೆ ಎಂದಿದ್ದಳು. ಅಟ್ಟ ಹೋಗುತ್ತದೆಂದು ಅವಳಿಗೆ ಸಾಸಿವೆಯಷ್ಟೂ ದುಃಖವಿರಲಿಲ್ಲ. ಸೋಮವಾರ ಜೆಸಿಬಿ ಬರುತ್ತದೆಂದು ಗೊತ್ತಾದ ದಿನ ಮಾತ್ರ ಅಟ್ಟ ಹತ್ತಿ ಕಿಂಡಿಯ ಮುಂದೆ ಕೂತುಬಿಟ್ಟಳು. ಕಿಂಡಿಯೇ ಹೋದಮೇಲೆ ಆ ದುರ್ಗ ಹತ್ತಿ ನೋಡುವುದಾದರೂ ಏನನ್ನು? ಶಿವರಾತ್ರಿ ಹತ್ತಿರವಿತ್ತು, ಸೂರ್ಯ ಕಂಬಗಳ ನಡುವೆ ಬಂದಾಗಿತ್ತು. ಈ ಶನಿವಾರ ಬೆಳಗ್ಗೆ ಹತ್ತಲೇಬೇಕು ಎಂದು ತೀರ್ಮಾನಿಸಿಕೊಂಡಳು.

ಬರೀ ಹತ್ತಿದರೆ ಸಾಲದು ಎಂಬುದೂ ಅವಳಿಗೆ ಗೊತ್ತಿತ್ತು. ಅಷ್ಟು ದೂರದಿಂದ ಮೊರದಗಲದ ಕಿಂಡಿಯನ್ನು ಗುರುತು ಹಿಡಿಯುವುದು ಹೇಗೆ? ಅದಕ್ಕೂ ಉಪಾಯ ಹುಡುಕಿದಳು. ತವರಿನವರು ಮಡಿಲಕ್ಕಿ ತುಂಬಿ ಕೊಟ್ಟಿದ್ದ ದೊಡ್ಡ ಸ್ಟೀಲ್ ಹರಿವಾಣವನ್ನು ಬೂದಿ ಹಾಕಿ ತಿಕ್ಕಿ, ಶುಕ್ರವಾರ ಸಂಜೆ ಕಿಂಡಿಯಲ್ಲಿ ದುರ್ಗಕ್ಕೆ ಮುಖ ಮಾಡಿ ನಿಲ್ಲಿಸಿದಳು. ಸೂರ್ಯ ಕಂಬಗಳ ನಡುವಿನಿಂದ ಏಳುತ್ತಿದ್ದಂತೆ ಬೆಳಕು ಹರಿವಾಣಕ್ಕೆ ಬಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಸೂರ್ಯ ಮೇಲೇರಿದರೆ ಮುಗಿಯಿತು, ಹೊಳಪು ಬೇರೆಲ್ಲಿಗೋ ಬೀಳುತ್ತದೆ. ಅಷ್ಟರೊಳಗೆ ಅವಳು ಮೇಲಿರಬೇಕು. ಈ ವಿಷಯ ಗಂಡನಿಗೆ ಹೇಳಲಿಲ್ಲ. ಹೇಳಿದರೆ ಕೇಳಿಸಿಕೊಳ್ಳುವುದಿಲ್ಲ, ಅಪ್ಪಿತಪ್ಪಿ ಕೇಳಿಸಿಕೊಂಡರೆ ನಗುತ್ತಾನೆ ಎಂಬ ಹೆದರಿಕೆ. ಹೊತ್ತು ಹುಟ್ಟುವ ಮೊದಲು ದುರ್ಗದ ಮೇಲಿರಬೇಕು, ಮಂಟಪದ ಪಕ್ಕದ ಹಾಳು ಗುಡಿಗೆ ಒಂದು ಕಾಯಿ ಒಡೆದು ಬರೋಣ, ಇದೊಂದು ಸಲ ಎಲ್ಲೂ ನಿಲ್ಲಬೇಡಿ, ಇನ್ನೇನೂ ಕೇಳುವುದಿಲ್ಲ ಎಂದಷ್ಟೇ ಹೇಳಿದಳು. ಬೆಟ್ಟದ ಕಡೆ ಚಿರತೆ ಓಡಾಡುತ್ತದೆಂಬ ಸುದ್ದಿಯಿತ್ತು, ಒಬ್ಬಳೇ ಹೋಗುವಂತಿರಲಿಲ್ಲ. ಅದೂ ಅಲ್ಲದೆ, ಅವನು ಜೊತೆಗೆ ಬರಬೇಕೆಂಬ ಆಸೆಯೂ ಇತ್ತು. ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ.

ತಿಪಟೂರಿನ ಕಾಲೇಜಿನಲ್ಲಿ ಪಾಠ ಹೇಳುವ ವರ್ಷಿಣಿ ಎರಡು ಬ್ಯಾಕ್‌ಪ್ಯಾಕ್ ತಂದುಕೊಟ್ಟಿದ್ದಳು. ಅವಳೂ ಅವಳ ಗಂಡನೂ ಬೆಟ್ಟಗುಡ್ಡ ಸುತ್ತುವವರು. ಬೆನ್ನಿಗೆ, ಎದೆಗೆ, ಸೊಂಟಕ್ಕೆ ಎಲ್ಲ ಕಡೆ ಪಟ್ಟಿಗಳಿದ್ದ ಆ ಚೀಲವನ್ನು ರೇಣುಕಪ್ರಸಾದ ಪಂಚೆಯ ಮೇಲೆ ಬಿಗಿದುಕೊಂಡು, ಎತ್ತಿಗೆ ಹೂಡುವ ಸರಂಜಾಮೂ ಇಷ್ಟಿರುವುದಿಲ್ಲ ಎಂದ. ಸರ್ವಮಂಗಳ ಸೀರೆಯ ಕೆಳಗೆ ಮಗಳ ಕ್ಯಾನ್ವಾಸ್ ಶೂ ಹಾಕಿಕೊಂಡಳು. ಅವಳು ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುವಷ್ಟರಲ್ಲಿ ಅವನು ಪೂಜೆಯ ಕಾಯಿ ಸುಲಿದು ಚೀಲಕ್ಕೆ ಹಾಕಿಕೊಂಡಿದ್ದ. ಕತ್ತಲಿರುವಾಗಲೇ ಹೊರಟರು. ಕರೆಯದೆ ಎದ್ದು ತಯಾರಾದ ಗಂಡನನ್ನು ಕಂಡು ಅವಳಿಗೆ ಒಳಗೊಳಗೇ ಹಿಗ್ಗು.

ಹಿಗ್ಗು ಊರಬಾಗಿಲು ದಾಟುವವರೆಗೂ ಉಳಿಯಲಿಲ್ಲ. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರು, ಗಂಡಹೆಂಡತಿ ಸ್ಕೂಲಿಗೆ ಸೇರಿಕೊಂಡಿರಾ ಎಂದು ಚೀಲ ನೋಡಿ ನಕ್ಕರು. ಅವರಿಗೆ ಉತ್ತರ ಕೊಡಲು ಅವನು ನಿಂತ. ನಿಂತವನು ಒಬ್ಬನ ಅಟ್ಟದ ಸಮಾಚಾರ ಕೇಳಿದ. ಅವಳು ಸೆರಗು ಎಳೆದಳು, ಅವನು ನಡೆದ. ಮುಂದಿನ ತೋಟದಲ್ಲಿ ಒಂದು ಮರದ ಬುಡದಿಂದ ಕೆಂಪು ರಸ ಸೋರುತ್ತಿತ್ತು. ಮೊಬೈಲಿನ ಬೆಳಕು ಬಿಟ್ಟು, ಮುಟ್ಟಿ, ಮೂಸಿ, ತೋಟದವನಿಗೆ ಆಗಲೇ ಫೋನು ಮಾಡಿ ಎಬ್ಬಿಸಿ, ಮರಕ್ಕೆ ರೋಗ ಬಂದಿದೆ ಎಂದು ಹೇಳಿದ. ನಿದ್ದೆಗಣ್ಣಿನ ಅವನಿಗೂ ಬೇಕಿರಲಿಲ್ಲ, ಇವಳಿಗಂತೂ ಬೇಕಿರಲಿಲ್ಲ. ಮೂಡಲು ಬೆಳ್ಳಗಾಗುತ್ತಿತ್ತು. ಊರ ಉಸಾಬರಿಯೆಲ್ಲ ಈ ಒಬ್ಬನ ತಲೆಯ ಮೇಲೇ ಯಾಕೆ ಕೂತಿದೆ ಎಂದು ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ಬೆಟ್ಟದ ಬುಡದಲ್ಲಿ ಚಿಕ್ಕರಂಗಯ್ಯನ ಒಂಟಿಮನೆ. ಬೆಟ್ಟಕ್ಕೆ ಹೋಗುವ ದಾರಿ ಅವನ ಅಂಗಳವನ್ನು ಹಾದೇ ಹೋಗುತ್ತದೆ. ಅವನು ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕುತ್ತಿದ್ದ. ಇವರನ್ನು ಕಂಡವನೇ ಎದ್ದು ಬಂದ. ಸರ್ವಮಂಗಳ ತಲೆ ತಗ್ಗಿಸಿ ಬಿರಬಿರನೆ ಅಂಗಳ ದಾಟಿದಳು. ಹಿಂದೆ ಹೆಜ್ಜೆಯ ಸದ್ದು ನಿಂತಿತು.

"ಬಾಗ್ಲಿಗೆ ಬಂದೀರಿ, ಎರಡು ಕಾಯಿ ಕುಲುಕಿ ಹೋಗ್ರಿ ಗೌಡ್ರೇ," ಎಂದ ಚಿಕ್ಕರಂಗಯ್ಯ.

ಈ ಭಾಗದ ಬೆಳೆಗಾರರಲ್ಲಿ ಒಂದು ನಂಬಿಕೆಯಿತ್ತು. ಕೊಬ್ಬರಿ ಕೊಳ್ಳುವವನು ಮನೆಬಾಗಿಲಿಗೆ ಬಂದು, ಅಟ್ಟದ ಕಾಯಿ ಕುಲುಕದೆ ಹೋದರೆ ಆ ಸಲದ ಕೊಬ್ಬರಿ ಕೆಡುತ್ತದೆ. ಹಾಗಾಗಿ ಮನೆಯವರು ಬಿಡುವುದಿಲ್ಲ, ಕೊಳ್ಳುವವನು ಇಲ್ಲವೆನ್ನುವುದಿಲ್ಲ. ರೇಣುಕಪ್ರಸಾದ ಹೆಂಡತಿಯ ಕಡೆ ನೋಡಿದ. ಈಗ ಬಂದೆ ಎಂದು ಬಾಯಲ್ಲಿ ಹೇಳಲಿಲ್ಲ, ಕೈಯಲ್ಲಿ ತೋರಿಸಿದ. ಚೀಲವನ್ನೂ ಬಿಚ್ಚದೆ ಏಣಿ ಹತ್ತಿದ.

ಸರ್ವಮಂಗಳ ಜಗುಲಿಯ ತುದಿಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಒಳಗಿನಿಂದ ಗುಡುಗುಡು ಕಾಯಿ ಕುಲುಕುವ ಸದ್ದು, ಚಿಕ್ಕರಂಗಯ್ಯನ ಪ್ರಶ್ನೆ, ಇವನ ಉತ್ತರ. ಎರಡು ಕಾಯಿ ಹತ್ತಾಯಿತು. ಚಿಕ್ಕರಂಗಯ್ಯನ ಸೊಸೆ ಕಾಫಿ ತಂದಿಟ್ಟಳು. ಆ ಬಿಸಿ ಕಾಫಿಯನ್ನು ಕುಡಿಯಲೂ ಆಗದೆ, ಚೆಲ್ಲಲೂ ಆಗದೆ ಕೈಯಲ್ಲಿ ಹಿಡಿದು ಸರ್ವಮಂಗಳ ಬೆಟ್ಟದ ನೆತ್ತಿಯನ್ನು ನೋಡುತ್ತಿದ್ದಳು. ಸಂಪಿಗೆಯ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಗೂ ತನಗೂ ಇಷ್ಟು ವರ್ಷದಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲವಲ್ಲ ಎನಿಸಿ ಅವಳಿಗೆ ಅಳು ಬಂತು. ಅಳಲಿಲ್ಲ, ಎದ್ದು ಒಬ್ಬಳೇ ಹತ್ತತೊಡಗಿದಳು. ಹಿತ್ತಲ ಅಟ್ಟದ ಕಾಯಿಯನ್ನು ನಾಳೆ ನೋಡುತ್ತೇನೆಂದು ಚಿಕ್ಕರಂಗಯ್ಯನನ್ನು ಒಪ್ಪಿಸಿ ರೇಣುಕಪ್ರಸಾದ ಏದುಸಿರು ಬಿಡುತ್ತಾ ಅವಳನ್ನು ಕೂಡಿಕೊಂಡಾಗ ಬಿಸಿಲು ಬೆಟ್ಟದ ನೆತ್ತಿಯನ್ನು ಮುಟ್ಟಿಯಾಗಿತ್ತು.

ಅವಳು ಹೆಜ್ಜೆ ಜೋರು ಮಾಡಿದಳು. ಕೋಟೆಯ ಬಾಗಿಲ ಕಲ್ಲು, ಒಡೆದ ಮೆಟ್ಟಿಲು, ಕಾಲಿಗೆ ಸಿಗುವ ಲಂಟಾನದ ಮುಳ್ಳು ಯಾವುದನ್ನೂ ನೋಡದೆ ಹತ್ತಿದಳು. ಎದೆ ಶಿಳ್ಳೆ ಹೊಡೆಯುತ್ತಿತ್ತು, ಮೂವತ್ತು ವರ್ಷದ ಹೊಗೆ ಅಲ್ಲಿತ್ತು. ಮೇಲಿನಿಂದ ಇಳಿಯುತ್ತಿದ್ದ ಒಂದು ಹುಡುಗ-ಹುಡುಗಿಯ ಜೋಡಿ ಎದುರಾಯಿತು. ಅವರ ಬೆನ್ನಿಗೂ ಇಂಥದೇ ಚೀಲ. ಸನ್‌ರೈಸ್ ಸೂಪರ್ ಆಗಿತ್ತು ಆಂಟಿ, ಜಸ್ಟ್ ಮಿಸ್ ಮಾಡಿಕೊಂಡಿರಿ ಎಂದಳು ಹುಡುಗಿ, ಪಾಪ ಒಳ್ಳೆಯ ಮನಸ್ಸಿನಿಂದಲೇ. ಸರ್ವಮಂಗಳಳಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು.

ಮಂಟಪ ತಲುಪಿದಾಗ ಸೂರ್ಯ ಕಂಬಗಳನ್ನು ಬಿಟ್ಟು ಎಷ್ಟೋ ಮೇಲೆ ಹೋಗಿದ್ದ. ಅವಳು ಕಂಬವನ್ನು ತಬ್ಬಿ ಹಿಡಿದು ಪಡುವಲಿಗೆ ನೋಡಿದಳು. ಕೆಳಗೆ ಊರೇ ಇರಲಿಲ್ಲ. ಹೊಂಗೇಕಟ್ಟೆಯಿಲ್ಲ, ಡೈರಿಯಿಲ್ಲ, ರಸ್ತೆಯಿಲ್ಲ. ಕಣ್ಣು ಹಾಯುವವರೆಗೆ ತೆಂಗಿನ ತಲೆಗಳು, ಒಂದಕ್ಕೊಂದು ಅಂಟಿಕೊಂಡು ಹಾಸಿದ ಹಸಿರು, ಅಷ್ಟೇ. ಮನೆಗಳೆಲ್ಲ ಅದರಡಿಯಲ್ಲಿ ಮುಚ್ಚಿಹೋಗಿದ್ದವು. ಆ ಹೊಳಪೊಂದು ಕಾಣದಿದ್ದರೆ ತನ್ನ ಮನೆ ಇರುವುದು ಯಾವ ಮೂಲೆಯಲ್ಲಿ ಎಂದು ಬೆರಳು ಮಾಡಿ ತೋರಿಸುವಂತೆಯೂ ಇರಲಿಲ್ಲ. ಹೊಳಪಿನ ಹೊತ್ತು ಮುಗಿದುಹೋಗಿತ್ತು.

ರೇಣುಕಪ್ರಸಾದ ಬೆವರೊರೆಸಿಕೊಂಡು, ಗಾಳಿ ಚೆನ್ನಾಗಿದೆ ಎಂದ. ಅಬ್ಬಾ, ಎಷ್ಟು ಮರ, ಇಷ್ಟಕ್ಕೂ ಅಟ್ಟ ಎಲ್ಲಿದ್ದಾವು ಎಂದ. ಆಮೇಲೆ ಗುಡಿಯ ಮುಂದಿನ ಕಲ್ಲಿನ ಮೇಲೆ ಕೂತು ಚೀಲ ಬಿಚ್ಚಿ ಕಾಯಿ ತೆಗೆದ. ಒಡೆಯುವ ಮೊದಲು, ರೂಢಿ ನೋಡಿ, ಕಿವಿಯ ಹತ್ತಿರ ಹಿಡಿದು ಕುಲುಕಿದ. ನೀರಿನ ಸದ್ದಿಲ್ಲ, ಒಳಗೆ ಒಣಗಿದ ಉಂಡೆ ಲೊಟಲೊಟ ಎಂದಿತು. ಅವನ ಮುಖ ಸಣ್ಣಗಾಯಿತು. ಕತ್ತಲಲ್ಲಿ ಅಟ್ಟ ಹತ್ತಿ, ಕೊನೆಯ ರಾಶಿಯಲ್ಲಿ ಕಿವಿಗೆ ಒಪ್ಪಿದ್ದನ್ನೇ ಆರಿಸಿ ತಂದಿದ್ದ. ಅವನ ಕಿವಿಗೆ ಒಳ್ಳೆಯ ಕಾಯಿ ಎಂದರೆ ನೀರು ಪೂರಾ ಇಂಗಿ ಉಂಡೆಯಾದ ಕೊಬ್ಬರಿ. ನೀರಿಲ್ಲದ ಕಾಯಿಯನ್ನು ದೇವರಿಗೆ ಒಡೆಯುವಂತಿಲ್ಲ. ತೆಂಗಿನ ನಾಡಿನಲ್ಲಿ ಹುಟ್ಟಿ ಬೆಳೆದವನು ಪೂಜೆಗೊಂದು ಕಾಯಿ ಸರಿಯಾಗಿ ತರಲಿಲ್ಲ.

ರೊಟ್ಟಿಯ ಡಬ್ಬಿಗೆಂದು ಅವನು ಮತ್ತೆ ಚೀಲದೊಳಗೆ ಕೈ ಹಾಕಿದ. ಡಬ್ಬಿಗಿಂತ ಮೊದಲು ಹೊರಗೆ ಬಂದದ್ದು ಹರಿವಾಣ.

"ಇದನ್ಯಾಕ್ರೀ ತಂದ್ರಿ?" ಎಂದಳು.

"ಕಿಂಡಿಯಾಗೆ ನೀನು ಮರ್ತು ಬಿಟ್ಟಿದ್ದೆ ಕಣೇ. ರೊಟ್ಟಿಗೆ ಬೇಕಾಯ್ತದೆ ಅಂತ ನಾನೇ ನೆಪ್ಪು ಮಾಡ್ಕೊಂಡು ಎತ್ಕೊಂಡು ಬಂದೆ," ಎಂದ. ಒಂದು ಕೆಲಸವಾದರೂ ಸರಿಯಾಗಿ ಮಾಡಿದೆನೆಂಬ ಸಮಾಧಾನ ಅವನ ಮುಖದಲ್ಲಿತ್ತು.

ಅಂದರೆ ಹಾರಿಕೊಂಡು ಬಂದು ತಲುಪಿದ್ದರೂ ಕಾಣುತ್ತಿರಲಿಲ್ಲ. ಡೈರಿ, ರೋಗದ ಮರ, ಚಿಕ್ಕರಂಗಯ್ಯ, ಕಾಫಿ, ಇದ್ಯಾವುದಕ್ಕೂ ಹಲ್ಲು ಕಡಿಯುವ ಅಗತ್ಯವೇ ಇರಲಿಲ್ಲ. ಮನೆಯಿಂದ ಹೊರಡುವ ಮೊದಲೇ ಎಲ್ಲ ಕೆಟ್ಟುಹೋಗಿತ್ತು, ಅದನ್ನು ಅವನು ಬೆನ್ನಿಗೆ ಕಟ್ಟಿಕೊಂಡೇ ಬೆಟ್ಟ ಹತ್ತಿದ್ದ. ಸರ್ವಮಂಗಳ ಅವನ ಕೈಯಲ್ಲಿದ್ದ ಕಾಯಿಯನ್ನು ಕಿತ್ತುಕೊಂಡು ಕೋಟೆಯ ಗೋಡೆಯಾಚೆಗೆ ಬೀಸಿ ಎಸೆದಳು. ಮೊದಲ ದರ್ಜೆಯ ಉಂಡೆ ಕೊಬ್ಬರಿ ಬಂಡೆಯಿಂದ ಬಂಡೆಗೆ ಬಡಿಯುತ್ತಾ ಉರುಳಿಹೋಯಿತು. ಅವನು ಅರ್ಧ ಎದ್ದವನು ಹಾಗೆಯೇ ಕೂತ. ಅದು ಎಲ್ಲಿ ಹೋಗಿ ನಿಂತಿತೆಂದು ಕಿವಿಗೊಟ್ಟು ಕೇಳುತ್ತಿದ್ದ. ಅದನ್ನು ಕಂಡು ಅವಳ ಕಟ್ಟೆಯೊಡೆಯಿತು.

"ಕೊಬ್ಬರಿ ಬಿದ್ದದ್ದು ಕೇಳ್ತದೆ ನಿಮ್ಗೆ. ಮೂವತ್ತು ವರ್ಷ ಆ ಅಟ್ಟದಾಗೆ ಬಗ್ಗಿ ಬಗ್ಗಿ ನಿಮ್ಮ ಕಾಯಿ ತಿರುವಿ ಹಾಕೀನಿ. ಅಲ್ಲೊಬ್ಳು ಇದ್ಲು ಅಂತ ಒಂದ್ಸಲ ಇಲ್ಲಿಂದ ನೋಡ್ಬೇಕಿತ್ತು ನಂಗೆ. ಅದಕ್ಕೆ ಕಣ್ರೀ ಹರಿವಾಣ ಇಟ್ಟಿದ್ದು. ಸೋಮಾರಕ್ಕೆ ಅಟ್ಟನೂ ಇಲ್ಲ, ಕಿಂಡಿನೂ ಇಲ್ಲ."

"ಹೇಳ್ಬಾರ್ದಿತ್ತಾ?" ಎಂದ ಅವನು.

"ಹೇಳಿದ್ರೆ ಕೇಳ್ತಿದ್ರಾ?"

ಅವನು ಹರಿವಾಣವನ್ನು ಮತ್ತೆ ಚೀಲಕ್ಕೆ ಹಾಕಿದ. ರೊಟ್ಟಿ ಡಬ್ಬಿಯಲ್ಲೇ ಉಳಿಯಿತು. ಇಳಿಯುವಾಗ ಅವನು ಅವಳ ಹಿಂದೆ ನಡೆದ. ಚಿಕ್ಕರಂಗಯ್ಯ ಹಿತ್ತಲ ಅಟ್ಟದ ಮಾತೆತ್ತಿದಾಗ, ನಾಳೆ ಅಂದಿದ್ದೆನಲ್ಲ ಎಂದು ನಿಲ್ಲದೆ ಬಂದ. ಸರ್ವಮಂಗಳಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಕೆರೆ ಒಡೆದ ಮೇಲೆ ಕಟ್ಟೆಗೆ ಮಣ್ಣು ಹಾಕಿದರೆ ಬಂತೇನು ಎಂದುಕೊಂಡಳು.

ಸಂಜೆ ಒಲೆಯ ಮುಂದೆ ಕೂತಿದ್ದಾಗ ಅವನು ಬಂದು ಬಾಗಿಲಲ್ಲಿ ನಿಂತ. ನಾಳೆ ಇನ್ನೂ ಭಾನುವಾರ, ನೀನು ಹೋಗು, ನಾನು ಹರಿವಾಣ ಹಿಡಿದುಕೊಂಡಿರುತ್ತೇನೆ ಎಂದ. ಅವಳು ತಿರುಗಿಯೂ ನೋಡಲಿಲ್ಲ. ಹಿಡಿದುಕೊಂಡಿರುವವನ ಮುಖ ಅವಳಿಗೆ ಗೊತ್ತಿತ್ತು. ಯಾರೋ ಕೂಗುತ್ತಾರೆ, ಈಗ ಬಂದೆ ಎನ್ನುತ್ತಾನೆ, ಹರಿವಾಣ ಬೋರಲು ಬೀಳುತ್ತದೆ. ಆದರೂ ಹೋಗದೆ ಇರಲಾಗಲಿಲ್ಲ. ಇನ್ನೊಂದು ಬೆಳಗು ಉಳಿದಿತ್ತಲ್ಲ. ಭಾನುವಾರ ಎದ್ದವಳೇ ತಾನೇ ಅಟ್ಟ ಹತ್ತಿ ಹರಿವಾಣವನ್ನು ಕಿಂಡಿಯಲ್ಲಿ ಭದ್ರವಾಗಿ ನಿಲ್ಲಿಸಿ, ಅದನ್ನು ಮುಟ್ಟದಿದ್ದರೆ ಸಾಕು, ನಿಮ್ಮಿಂದ ಇನ್ನೇನೂ ಬೇಡ ಎಂದು ಹೇಳಿ, ಚಿರತೆಗೊಂದು ದೊಣ್ಣೆ ಹಿಡಿದು ಒಬ್ಬಳೇ ಹೊರಟಳು. ಚೀಲದಲ್ಲಿ ನೀರು ತುಂಬಿದ ಒಂದು ಕಾಯಿಯಿತ್ತು. ಅದನ್ನೂ ತಾನೇ ಆರಿಸಿಕೊಂಡಿದ್ದಳು.

ಒಬ್ಬಳೇ ನಡೆದರೆ ದಾರಿ ಅಷ್ಟು ಚಿಕ್ಕದೆಂದು ಅವಳಿಗೆ ತಿಳಿದಿರಲಿಲ್ಲ. ಮಂಟಪ ತಲುಪಿದಾಗ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಹಾಳು ಗುಡಿಯ ಮುಂದೆ ಕಾಯಿ ಒಡೆದಳು, ನೀರು ಕಲ್ಲಿನ ಮೇಲೆ ಹರಿಯಿತು. ಆಮೇಲೆ ಕಂಬಕ್ಕೆ ಒರಗಿ ಪಡುವಲಿಗೆ ತಿರುಗಿ ನಿಂತಳು. ಬೆನ್ನು ಬೆಚ್ಚಗಾಯಿತು. ದುರ್ಗದ ನೆರಳು ತೋಟಗಳ ಮೇಲೆ ಉದ್ದಕ್ಕೆ ಮಲಗಿತ್ತು. ಸೂರ್ಯ ಏರಿದಂತೆ ಅದು ದೂರದಿಂದ ಹತ್ತಿರಕ್ಕೆ ಸರಿಯುತ್ತಾ, ಗರಿಗಳು ಒಂದೊಂದು ಸಾಲಾಗಿ ಬೆಳಗುತ್ತಾ ಬಂದವು. ತನ್ನ ಮನೆ ಇಲ್ಲೇ ಇರಬೇಕೆಂದು ಅವಳು ಅಂದಾಜು ಮಾಡಿಕೊಂಡಿದ್ದ ಜಾಗಕ್ಕೂ ಬಿಸಿಲು ಬಂತು. ಅಲ್ಲಿ ಏನೂ ಹೊಳೆಯಲಿಲ್ಲ. ಬಿಸಿಲು ಅದನ್ನು ದಾಟಿ ಮುಂದಕ್ಕೂ ಬಂತು. ಮುಟ್ಟಬೇಡಿ ಎಂದಿದ್ದನ್ನೂ ಮುಟ್ಟಿದ್ದಾನೆ, ಯಾರೋ ಕರೆದಿದ್ದಾರೆ, ಹೋಗಿದ್ದಾನೆ. ಅವನ ಕಿವಿಗಿಷ್ಟು ಬೆಂಕಿ ಹಾಕ ಎಂದು ಅವಳು ಜೋರಾಗಿಯೇ ಬೈದಳು. ಬೆಟ್ಟದ ಮೇಲೆ ಕೇಳುವವರು ಯಾರೂ ಇರಲಿಲ್ಲ.

ಆಗ ಎಡಕ್ಕೆ, ಅವಳು ನೋಡೇ ಇರದ ಕಡೆ, ಹಸಿರಿನ ನಡುವೆ ಒಂದು ಚುಕ್ಕೆ ಹೊತ್ತಿಕೊಂಡಿತು.

ಎಷ್ಟು ಸಣ್ಣದು. ಇಷ್ಟೇನಾ ಎನಿಸಿತು ಮೊದಲು. ಅಷ್ಟು ದೊಡ್ಡ ಹಸಿರಿನಲ್ಲಿ ಒಂದು ಸಾಸಿವೆ ಕಾಳು. ಮದುವೆ, ಬಾಣಂತನ, ಅತ್ತೆಯ ಕಾಯಿಲೆ, ರಾಶಿರಾಶಿ ಕಾಯಿ, ಕೆಮ್ಮು, ಎಲ್ಲವೂ ಆ ಕಾಳಿನೊಳಗೇ ಆದದ್ದು. ಕೋಪ ಬಂತು, ಆಮೇಲೆ ಅಳು ಬಂತು, ಈ ಸಲ ತಡೆಯಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಚುಕ್ಕೆ ನಡುಗುತ್ತಿತ್ತು. ಕಿಂಡಿಯಲ್ಲಿ ಅವಳು ಒರಗಿಸಿಟ್ಟ ಹರಿವಾಣ ನಡುಗುವುದಿಲ್ಲ. ಯಾರೋ ಕೈಯಲ್ಲಿ ಹಿಡಿದಿದ್ದರು. ಒಮ್ಮೆ ಆರಿತು, ಆಯಿತು ಬಿಡು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಹೊತ್ತಿತು. ಸೂರ್ಯ ಮೇಲೇರಿದಂತೆ ನಿಂತುಹೋಗಬೇಕಾದ ಹೊಳಪು ನಿಲ್ಲಲೇ ಇಲ್ಲ, ವಾಲಿಸಿಕೊಂಡು, ಓರೆ ಮಾಡಿಕೊಂಡು ಅವಳನ್ನೇ ಹುಡುಕುತ್ತಿತ್ತು. ಬಿಸಿಲು ಕಿಂಡಿಯನ್ನು ಪೂರಾ ಬಿಡುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆರಿದ ಮೇಲೆಯೂ ಆ ಜಾಗದಿಂದ ಕಣ್ಣು ಕೀಳದೆ ಗುರುತಿಟ್ಟುಕೊಂಡಳು.

ಮನೆಗೆ ಬಂದಾಗ ಜಗುಲಿಯ ಮೇಲೆ ಚಿಕ್ಕರಂಗಯ್ಯ ಕೂತಿದ್ದ. ಮುಂದೆ ಅರ್ಧ ಚೀಲ ಕಾಯಿ, ಪಕ್ಕದಲ್ಲಿ, ಮನೆ ಖಾಲಿ ಮಾಡಿಸಲು ಬೆಳಗ್ಗೆ ಬಂದಿದ್ದ ವರ್ಷಿಣಿ ಕೊಟ್ಟಿದ್ದ ಕಾಫಿಯ ಖಾಲಿ ಲೋಟ. ನಾಳೆ ಬರುತ್ತೇನೆಂದವರು ಬರಲಿಲ್ಲವೆಂದು ಅವನೇ ಹೊತ್ತು ತಂದಿದ್ದ. ಅವಳನ್ನು ಕಂಡವನೇ ದೂರು ಹೇಳಿದ.

"ಆಗ್ಲಿಂದ ಕೂಗ್ತಾ ಇದೀನಿ ಕಣಮ್ಮ. ಬಾಗ್ಲಿಗೇ ತಂದೀನಿ, ಒಂದು ಕಾಯಿ ಕುಲುಕಿ ಅಂದ್ರೆ ಕೈ ಬಿಡುವಿಲ್ಲ ಅಂತ ಅಟ್ಟದಾಗಿಂದ್ಲೇ ಅಂತಾರೆ. ಏನಾಗೈತೆ ಗೌಡ್ರಿಗೆ?"

ಸರ್ವಮಂಗಳ ಶೂ ಕೂಡ ಬಿಚ್ಚದೆ ಏಣಿ ಹತ್ತಿದಳು. ಅಟ್ಟದೊಳಗೆ ಬಿಸಿಲಿನ ಸುಳಿವೇ ಇರಲಿಲ್ಲ. ಉದ್ದನೆಯ ಆಳು ರೇಣುಕಪ್ರಸಾದ ತೊಲೆಗೆ ತಲೆ ತಾಗಿಸಿಕೊಂಡು, ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಹರಿವಾಣವನ್ನು ಕಿಂಡಿಗೆ ಹಿಡಿದು ನಿಂತಿದ್ದ. ತೋಳು ಥರಥರ ಎನ್ನುತ್ತಿತ್ತು. ಅಂಗಿಯ ತುಂಬ ಮಸಿ. ಅವನು ಕೆಮ್ಮುತ್ತಿದ್ದ.

"ಬಿಸಿಲು ಹೋಗಿ ಎಷ್ಟೊತ್ತಾಯ್ತು, ಇನ್ನೂ ಯಾಕ್ರೀ ಹಿಡ್ಕೊಂಡಿದ್ದೀರಿ?" ಎಂದಳು. ಬೈಯಬೇಕೆಂದೇ ಬಾಯಿ ತೆರೆದಿದ್ದಳು.

ಅವನಿಗೆ ತಿರುಗಲು ಆಗಲಿಲ್ಲ, ಬೆನ್ನು ಹಿಡಿದುಕೊಂಡಿತ್ತು. ಕಿಂಡಿಯ ಕಡೆಗೇ ಮುಖವಿಟ್ಟುಕೊಂಡು ಹೇಳಿದ.

"ಕಾಣ್ತೋ ಇಲ್ವೋ ಅಂತ ನಂಗೆಂಗೆ ಗೊತ್ತಾಯ್ತದೆ? ಸಾಕು ಅಂತ ನೀನು ಹೇಳ್ಲಿಲ್ವಲ್ಲ ಮಂಗಳಾ."

ಕೆಳಗಿನಿಂದ ಚಿಕ್ಕರಂಗಯ್ಯ ಮತ್ತೆ ಕೂಗಿದ. ಅವನು ಅಲುಗಲಿಲ್ಲ. ಸರ್ವಮಂಗಳ ಬಗ್ಗಿಕೊಂಡು ಕಾಯಿರಾಶಿಯನ್ನು ದಾಟಿ ಹೋಗಿ, ಸಾಕು ಎಂದು ಹೇಳಿ, ಅವನ ಕೈಯಿಂದ ಹರಿವಾಣ ಇಸಿದುಕೊಂಡಳು.